ಹಿಮ್ಮೇಳದ ಋಣ: ಬಿ.ವಿ. ಕಾರಂತರ ರಂಗಜೀವನ ಮತ್ತು ಕರಾವಳಿಯ ಪ್ರದರ್ಶನ ಪರಂಪರೆ

1. ಪ್ರವೇಶ

ಆಧುನಿಕ ಭಾರತೀಯ ರಂಗಭೂಮಿಯಲ್ಲಿ ಬಾಬುಕೋಡಿ ವೆಂಕಟರಮಣ ಕಾರಂತರ (1929-2002) ಸ್ಥಾನವನ್ನು ಕುರಿತು ಸಾಕಷ್ಟು ಬರೆಹಗಳು ಬಂದಿವೆ. ನಟ, ನಿರ್ದೇಶಕ, ಸಂಗೀತ ಸಂಯೋಜಕ, ಚಲನಚಿತ್ರಕಾರ, ರಂಗಶಿಕ್ಷಕ ಎಂಬ ಐದು ನೆಲೆಗಳಲ್ಲಿಯೂ ಅವರ ಸಾಧನೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಇಂಥ ಬರೆಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಹೇಳಿಕೆಯೆಂದರೆ, ಕಾರಂತರು ಜಾನಪದವನ್ನು ಆಧುನಿಕ ರಂಗಭೂಮಿಗೆ ತಂದರು ಎಂಬುದು. ಈ ಹೇಳಿಕೆ ಪುನರುಕ್ತಿಗೊಂಡಷ್ಟು ಪರಿಶೀಲನೆಗೆ ಒಳಪಟ್ಟಿಲ್ಲ. ಅವರು ತಂದದ್ದು ಯಾವ ಜಾನಪದ? ಅದು ಯಾರದ್ದು? ತರುವಾಗ ಏನನ್ನು ಎತ್ತಿಕೊಂಡರು, ಏನನ್ನು ಬಿಟ್ಟರು? ಈ ಪ್ರಶ್ನೆಗಳನ್ನು ರಂಗವಿಮರ್ಶಕರು ಕೇಳುವ ಕ್ರಮಕ್ಕೂ ಜಾನಪದ ಅಧ್ಯಯನಕಾರರು ಕೇಳುವ ಕ್ರಮಕ್ಕೂ ವ್ಯತ್ಯಾಸವಿದೆ. ರಂಗವಿಮರ್ಶೆಗೆ ಪ್ರಯೋಗದ ಯಶಸ್ಸು ಮುಖ್ಯವಾದರೆ, ಜಾನಪದ ಅಧ್ಯಯನಕ್ಕೆ ಮೂಲ ಸಮುದಾಯದೊಂದಿಗೆ ಆ ಪ್ರಯೋಗ ಇಟ್ಟುಕೊಂಡ ಸಂಬಂಧವೂ ಮುಖ್ಯವಾಗುತ್ತದೆ.

ಕಾರಂತರು ಹುಟ್ಟಿದ್ದು ಬಂಟ್ವಾಳ ಸಮೀಪದ ಮಂಚಿಯಲ್ಲಿ. ಮಂಗಳೂರಿನ ಆಸುಪಾಸಿನ ಈ ಪ್ರದೇಶ ತೆಂಕುತಿಟ್ಟಿನ ಯಕ್ಷಗಾನ, ಭೂತಾರಾಧನೆ, ಪಾಡ್ದನ ಹಾಗೂ ತಾಳಮದ್ದಳೆಗಳ ಜೀವಂತ ನೆಲೆ. ಆದುದರಿಂದ ಮಂಗಳೂರು ಪರಿಸರದಲ್ಲಿ ಕೆಲಸ ಮಾಡುವ ಜಾನಪದ ಅಧ್ಯಯನಕಾರರಿಗೆ ಕಾರಂತರ ಕೃತಿಗಳನ್ನು ಈ ದೃಷ್ಟಿಯಿಂದ ಓದುವ ಹಕ್ಕೂ ಹೊಣೆಯೂ ಇದೆ. ಕಾರಂತರ ಜಾನಪದ ಸತ್ವವನ್ನು ವೇಷ, ಹೆಜ್ಜೆ, ಬಣ್ಣಗಳಲ್ಲಿ ಹುಡುಕುವ ವಾಡಿಕೆಗಿಂತ ಅವರ ಧ್ವನಿಕಲ್ಪನೆಯಲ್ಲಿ ಹುಡುಕುವುದು ಹೆಚ್ಚು ಫಲಕಾರಿ ಎಂಬುದು ಈ ಪ್ರಬಂಧದ ವಾದ. ಅವರ ಗೆಲುವು ಸೋಲುಗಳೆರಡೂ ಅಲ್ಲಿಯೇ ಸ್ಪಷ್ಟವಾಗುತ್ತವೆ.

2. ರಂಗಜೀವನದ ಘಟ್ಟಗಳು

ಶಾಲೆಯ ಮೂರನೆಯ ತರಗತಿಯಲ್ಲಿ ಪಿ.ಕೆ. ನಾರಾಯಣರ ನಿರ್ದೇಶನದಲ್ಲಿ ಕುವೆಂಪು ಅವರ 'ನನ್ನ ಗೋಪಾಲ' ನಾಟಕದಲ್ಲಿ ಅಭಿನಯಿಸಿದ್ದು ಕಾರಂತರ ಮೊದಲ ರಂಗಾನುಭವ. ಬಳಿಕ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದರು. ಹುಡುಗನ ಪ್ರತಿಭೆಯನ್ನು ಗುರುತಿಸಿದ ವೀರಣ್ಣನವರೇ ಮುಂದೆ ಬನಾರಸಿನಲ್ಲಿ ಹಿಂದಿ ಸ್ನಾತಕೋತ್ತರ ವ್ಯಾಸಂಗಕ್ಕೆ ನೆರವಾದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಸಂಗೀತದ ಶಿಕ್ಷಣವೂ ದೊರೆಯಿತು. 1960ರ ದಶಕದ ಆರಂಭದಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, ಕೆಲಕಾಲ ಅಲ್ಲಿನ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕ ಕಲಿಸಿದರು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಪ್ರದರ್ಶಿಸಿದ್ದು ಕನ್ನಡ ಹವ್ಯಾಸಿ ರಂಗಭೂಮಿಯ ಇತಿಹಾಸದಲ್ಲಿ ಒಂದು ತಿರುವು. ಮುಂದೆ 'ಬೆನಕ' ತಂಡದ ಮೂಲಕ 'ಹಯವದನ', 'ಸತ್ತವರ ನೆರಳು' ಮುಂತಾದ ಪ್ರಯೋಗಗಳು ಬಂದವು. 1977ರಲ್ಲಿ ಇಬ್ರಾಹಿಂ ಅಲ್ಕಾಜಿಯವರ ಬಳಿಕ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದ ಕಾರಂತರು 1981ರವರೆಗೆ ಅಲ್ಲಿದ್ದರು. ಆನಂತರ ಭೋಪಾಲದ ಭಾರತ ಭವನದ ರಂಗಮಂಡಲವನ್ನು 1980ರ ದಶಕದಲ್ಲಿ ಕಟ್ಟಿ ಬೆಳೆಸಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾದಾಗ ಅದರ ಮೊದಲ ನಿರ್ದೇಶಕರಾಗಿ 1995ರವರೆಗೆ ಕಾರ್ಯನಿರ್ವಹಿಸಿದರು.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಾರಂತರು ಕಟ್ಟಿದ ಅಥವಾ ನಡೆಸಿದ ಸಂಸ್ಥೆಗಳೆಲ್ಲ ದೆಹಲಿ, ಭೋಪಾಲ, ಬೆಂಗಳೂರು, ಮೈಸೂರುಗಳಲ್ಲಿವೆ. ಅವರ ಕಿವಿಗೆ ಮೊದಲ ಪಾಠ ಹೇಳಿದ ಕರಾವಳಿಯಲ್ಲಿ ಅವುಗಳಲ್ಲಿ ಒಂದೂ ಇಲ್ಲ.

3. ಕಿವಿಯ ಶಿಕ್ಷಣ

ಯಕ್ಷಗಾನದಲ್ಲಿ ಹಿಮ್ಮೇಳವನ್ನು 'ಪಕ್ಕವಾದ್ಯ' ಎಂದು ಭಾವಿಸಿದರೆ ಆ ಕಲೆಯ ರಚನೆಯೇ ತಪ್ಪಾಗಿ ಅರ್ಥವಾಗುತ್ತದೆ. ಭಾಗವತನೇ ಮೊದಲ ವೇಷ ಎಂಬ ಮಾತು ಕಲಾವಿದರಲ್ಲಿ ರೂಢಿಯಲ್ಲಿದೆ. ಪ್ರಸಂಗದ ಗತಿಯನ್ನು ನಿರ್ಣಯಿಸುವವನು, ವೇಷಧಾರಿಯನ್ನು ಒಳಗೆ ಕರೆಯುವವನು, ಸನ್ನಿವೇಶವನ್ನು ಹಿಗ್ಗಿಸುವ ಇಲ್ಲವೆ ಕುಗ್ಗಿಸುವ ಅಧಿಕಾರ ಉಳ್ಳವನು ಅವನೇ. ಅವನು ತೆರೆಯ ಹಿಂದೆ ಅಡಗಿರುವುದಿಲ್ಲ. ಪ್ರೇಕ್ಷಕರಿಗೆ ಕಾಣುವಂತೆ ರಂಗದಲ್ಲಿಯೇ ಇರುತ್ತಾನೆ. ಚೆಂಡೆಯ ಪೆಟ್ಟು ಬೀಳುವವರೆಗೆ ಗದ್ದೆ ಕೇವಲ ಗದ್ದೆ. ಬಿದ್ದ ಬಳಿಕ ಅದು ರಂಗಸ್ಥಳ. ಭೂತಕೋಲದಲ್ಲಿಯೂ ಇದೇ ಕ್ರಮ. ನಲಿಕೆ, ಪಂಬದ, ಪರವ ಸಮುದಾಯದವರು ತೆಂಬರೆ ನುಡಿಸುತ್ತ ಪಾಡ್ದನ ಹೇಳಿದ ಬಳಿಕವಷ್ಟೇ ಬಣ್ಣ, ಅಣಿ, ಗಗ್ಗರಗಳಿಗೆ ಅರ್ಥ ಬರುತ್ತದೆ. ಧ್ವನಿ ಮೊದಲು, ದೃಶ್ಯ ಆಮೇಲೆ ಎಂಬುದು ಈ ಪ್ರದೇಶದ ಪ್ರದರ್ಶನ ಪರಂಪರೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ರಾಚನಿಕ ನಿಯಮ.

ಕಾರಂತರ ಪ್ರಯೋಗಗಳಲ್ಲಿ ಈ ನಿಯಮ ಆಳವಾಗಿ ಕೆಲಸ ಮಾಡಿದೆ. ಮೇಳದೊಂದಿಗೆ ತಾವೇ ಹಾರ್ಮೋನಿಯಂ ಹಿಡಿದು ಕೂರುತ್ತಿದ್ದ ನಿರ್ದೇಶಕ ಅವರು. ಪ್ರಯೋಗ ಆರಂಭವಾದ ಮೇಲೆ ನಿರ್ದೇಶಕನಿಗೆ ಕೆಲಸವಿಲ್ಲ ಎಂಬುದು ಪಾಶ್ಚಾತ್ಯ ಮಾದರಿಯ ರಂಗಶಿಸ್ತಿನ ಗೃಹೀತ. ನಡೆಯುತ್ತಿರುವ ಆಟವನ್ನು ಒಳಗಿನಿಂದಲೇ ನಡೆಸುವುದು ಭಾಗವತನ ಕ್ರಮ. ಕಾರಂತರು ಎರಡನೆಯದನ್ನು ಆರಿಸಿಕೊಂಡರು. ಇಲ್ಲಿ ಕಂಪೆನಿ ನಾಟಕದ ಪ್ರಭಾವವೂ ಸೇರಿದೆ ಎಂಬುದನ್ನು ಮರೆಯಬಾರದು. ಗುಬ್ಬಿ ಕಂಪೆನಿಯ ಸಂಗೀತ, ಬನಾರಸಿನ ರಾಗಶಿಕ್ಷಣ, ಕರಾವಳಿಯ ತಾಳಪ್ರಜ್ಞೆ ಈ ಮೂರೂ ಅವರಲ್ಲಿ ಬೆರೆತವು. ಮೂರನ್ನೂ ಬಿಡಿಸಿ ತೂಗುವುದು ಸುಲಭವಲ್ಲವಾದರೂ, ಧ್ವನಿಯನ್ನು ರಂಗದ ಅಲಂಕಾರವಾಗಿ ಕಾಣದೆ ರಂಗದ ಆಧಾರವಾಗಿ ಕಾಣುವ ದೃಷ್ಟಿ ಕರಾವಳಿಯದೆಂದು ಹೇಳಲು ಅಡ್ಡಿಯಿಲ್ಲ.

'ಸತ್ತವರ ನೆರಳು' ಇದಕ್ಕೆ ಉತ್ತಮ ನಿದರ್ಶನ. ಜಡಭರತರ ಈ ನಾಟಕದ ವಸ್ತು ಮಠದ ಅಧಿಕಾರ ಮತ್ತು ಅದರ ಸುತ್ತ ಬೆಳೆಯುವ ಕಪಟ. ಕಾರಂತರ ಪ್ರಯೋಗದಲ್ಲಿ ದಾಸರ ಪದಗಳು ಕಥೆಯನ್ನು ವಿವರಿಸುವುದಕ್ಕೆ ಬರುವುದಿಲ್ಲ. ಕಥೆಯನ್ನು ವಿಚಾರಣೆಗೆ ಒಳಪಡಿಸಲು ಬರುತ್ತವೆ. ಭಕ್ತಿಯ ಹಾಡು ಭಕ್ತಿಯ ಹೆಸರಿನ ವ್ಯವಹಾರದ ಮೇಲೆ ಟೀಕೆಯಾಗಿ ನಿಲ್ಲುತ್ತದೆ. ಪ್ರಸಂಗದ ಪದ್ಯಕ್ಕೂ ಅರ್ಥಧಾರಿಯ ಮಾತಿಗೂ ಇರುವ ಅಂತರವನ್ನು ಬಲ್ಲವರಿಗೆ ಈ ತಂತ್ರ ಅಪರಿಚಿತವಲ್ಲ. ಪದ್ಯ ಒಂದನ್ನು ಹೇಳಿದರೆ ಅರ್ಥಧಾರಿ ಅದರೊಳಗಿನಿಂದ ಇನ್ನೊಂದನ್ನು ಎತ್ತುತ್ತಾನೆ. ಇಲ್ಲಿ ಯಕ್ಷಗಾನದ ವೇಷವಾಗಲಿ ಹೆಜ್ಜೆಯಾಗಲಿ ಇಲ್ಲ. ಆದರೆ ಯಕ್ಷಗಾನದ ರಚನಾತತ್ತ್ವ ಇದೆ. ಚಲನಚಿತ್ರ ಸಂಗೀತಕ್ಕಾಗಿ ಕಾರಂತರಿಗೆ ಎರಡು ಬಾರಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ 'ಋಷ್ಯಶೃಂಗ' (1976) ಮತ್ತು 'ಘಟಶ್ರಾದ್ಧ' (1977) ಚಿತ್ರಗಳೂ ಅವರ ಧ್ವನಿಪ್ರಜ್ಞೆಗೆ ದೊರೆತ ಮನ್ನಣೆಯೇ ಆಗಿವೆ. ಇವುಗಳಲ್ಲಿ 'ಘಟಶ್ರಾದ್ಧ'ದ ನಿರ್ಮಾಪಕರು ಕರಾವಳಿಯವರೇ ಆದ ರಂಗಕರ್ಮಿ ಸದಾನಂದ ಸುವರ್ಣರು.

4. 'ಬರ್ನಂ ವನ': ಹೆಜ್ಜೆ ಬಂತು, ಮಾತು ಬರಲಿಲ್ಲ

ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ 1979ರಲ್ಲಿ ಕಾರಂತರು ನಿರ್ದೇಶಿಸಿದ 'ಬರ್ನಂ ವನ' ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಹಿಂದಿ ಪ್ರಯೋಗ. ರಘುವೀರ ಸಹಾಯರ ಪದ್ಯಾನುವಾದಕ್ಕೆ ಯಕ್ಷಗಾನದ ಚಲನೆಯನ್ನು ಅಳವಡಿಸಿದ ಈ ಪ್ರಯೋಗವನ್ನು ಜಾನಪದ ಮತ್ತು ಆಧುನಿಕತೆಗಳ ಸಂಗಮಕ್ಕೆ ಮಾದರಿಯೆಂದು ಉಲ್ಲೇಖಿಸುವುದು ವಾಡಿಕೆ. ಕಾರಂತರ ಕೃತಿಗಳಲ್ಲಿ ಯಕ್ಷಗಾನದ ಹೊರರೂಪ ಹೆಚ್ಚಾಗಿ ಕಾಣಿಸಿಕೊಂಡದ್ದು ಇದರಲ್ಲಿ. ಆದುದರಿಂದ ಇದರ ವಿಮರ್ಶೆ ಅಗತ್ಯ.

ಮೊದಲಿಗೆ ಈ ಆಯ್ಕೆಯ ಔಚಿತ್ಯವನ್ನು ಒಪ್ಪಿಕೊಳ್ಳಬೇಕು. 'ಮ್ಯಾಕ್‌ಬೆತ್' ಯುದ್ಧದಿಂದ ಆರಂಭವಾಗಿ ಯುದ್ಧದಲ್ಲಿ ಮುಗಿಯುವ ನಾಟಕ. ಮಾಟಗಾತಿಯರು, ಪ್ರೇತ, ರಕ್ತ, ಕಾಡು ಎಲ್ಲವೂ ಅದರಲ್ಲಿವೆ. ವೀರ, ರೌದ್ರ, ಅದ್ಭುತ ರಸಗಳನ್ನು ಯಕ್ಷಗಾನದಷ್ಟು ಸಮರ್ಥವಾಗಿ ನಿಭಾಯಿಸುವ ಪ್ರಕಾರ ವಿರಳ. ತೆರೆಮರೆಯ ಕುಣಿತ, ಒಡ್ಡೋಲಗ, ಬಣ್ಣದ ವೇಷದ ಅಟ್ಟಹಾಸ ಇವೆಲ್ಲ ಅಮಾನುಷ ಲೋಕವನ್ನು ಸ್ವಾಭಾವಿಕವಾಗಿ ರಂಗಕ್ಕೆ ತರಬಲ್ಲವು. ನಾಟಕದ ಹೆಸರನ್ನೇ ಕಾಡಿನ ಹೆಸರಾಗಿಸಿದ್ದೂ ಅರ್ಥಪೂರ್ಣ. ವ್ಯಕ್ತಿಯ ದುರಂತವನ್ನು ಅವನನ್ನು ಸುತ್ತುವರಿಯುವ ಕಾಡಿನ ಕಡೆಯಿಂದ ನೋಡುವ ದೃಷ್ಟಿ ಅದರಲ್ಲಿದೆ.

ತೊಡಕು ಬರುವುದು ಪಾತ್ರದ ಸ್ವರೂಪದಲ್ಲಿ. ಯಕ್ಷಗಾನದಲ್ಲಿ ವೇಷ ಪ್ರವೇಶಿಸಿದಾಗಲೇ ಪಾತ್ರದ ಗುಣ ನಿರ್ಣಯವಾಗಿರುತ್ತದೆ. ಕಿರೀಟ, ಮುಖವರ್ಣಿಕೆ, ಚುಟ್ಟಿಗಳನ್ನು ನೋಡಿದ ಪ್ರೇಕ್ಷಕನಿಗೆ ಬಂದವನು ರಾಜನೋ ರಾಕ್ಷಸನೋ ಎಂಬುದು ತಿಳಿಯುತ್ತದೆ. ಮ್ಯಾಕ್‌ಬೆತ್ ಹಾಗಲ್ಲ. ಅವನು ರಾಜವೇಷವಾಗಿ ಬಂದು ಬಣ್ಣದ ವೇಷವಾಗಿ ಸಾಯುವವನು. ಆ ಮಾರ್ಪಾಡು ಹಂತಹಂತವಾಗಿ, ಬಹುಮಟ್ಟಿಗೆ ಅವನ ಸ್ವಗತಗಳಲ್ಲಿ ನಡೆಯುತ್ತದೆ. ವೇಷವೇ ಸ್ವಭಾವವಾಗಿರುವ ಪ್ರಕಾರದಲ್ಲಿ ಸ್ವಭಾವವೇ ಬದಲಾಗುವ ಪಾತ್ರವನ್ನು ಹೇಗೆ ತೋರಿಸುವುದು?

ಈ ಪ್ರಶ್ನೆಗೆ ಯಕ್ಷಗಾನ ಪರಂಪರೆಯಲ್ಲಿ ಉತ್ತರವಿಲ್ಲದೆ ಇಲ್ಲ. ಆ ಉತ್ತರ ಅರ್ಥಗಾರಿಕೆಯಲ್ಲಿದೆ. ಕುಣಿತದಲ್ಲಿ ರಾವಣ ರಾಕ್ಷಸನೇ, ಕೌರವ ಹಠಮಾರಿಯೇ. ಆದರೆ ಸಮರ್ಥ ಅರ್ಥಧಾರಿಯ ಬಾಯಲ್ಲಿ ಅದೇ ಕೌರವ ತನ್ನ ನ್ಯಾಯವನ್ನು ತಾನು ಮಂಡಿಸುತ್ತಾನೆ, ಸಂದೇಹಪಡುತ್ತಾನೆ, ತನ್ನ ವಿನಾಶವನ್ನು ಮುಂಗಾಣುತ್ತಾನೆ. ವೇಷವಿಲ್ಲದ ತಾಳಮದ್ದಳೆಯಲ್ಲಿ ಇದು ಪರಾಕಾಷ್ಠೆಗೆ ಏರುತ್ತದೆ. ಯಕ್ಷಗಾನ ಮನುಷ್ಯನ ಒಳತೋಟಿಯನ್ನು ಮುಟ್ಟುವುದು ಆಶುಮಾತಿನ ಮೂಲಕ. 'ಬರ್ನಂ ವನ'ದಲ್ಲಿ ಹೆಜ್ಜೆ, ಗತಿ, ಲಯಗಳು ಬಂದವು, ಆಶುಮಾತು ಬರಲಿಲ್ಲ. ಮುಂಚಿತವಾಗಿ ಬರೆದು ನಿಗದಿಪಡಿಸಿದ ಪದ್ಯಪಠ್ಯದಲ್ಲಿ ಅದಕ್ಕೆ ಅವಕಾಶವೂ ಇರಲಿಲ್ಲ. ಹೀಗಾಗಿ ಮ್ಯಾಕ್‌ಬೆತ್‌ನ ಅಂತರಂಗಕ್ಕೆ ಯಾವುದು ನೆರವಾಗಬಹುದಿತ್ತೋ ಅದೇ ಅಂಶ ಹೊರಗುಳಿಯಿತು. ಕೆಲವೇ ತಿಂಗಳ ಅಭ್ಯಾಸದಲ್ಲಿ ನಗರದ ನಟರಿಗೆ ಹೆಜ್ಜೆಯನ್ನು ಕಲಿಸಬಹುದು. ಹತ್ತಾರು ವರ್ಷಗಳ ಪುರಾಣಜ್ಞಾನ ಮತ್ತು ಕೂಟಗಳ ಅನುಭವದಿಂದ ಬರುವ ವಾಕ್‌ಶಕ್ತಿಯನ್ನು ಕಲಿಸುವುದು ಸಾಧ್ಯವಿಲ್ಲ. ಸಾಲ ಪಡೆಯಲು ಸುಲಭವಾದುದನ್ನು ಪಡೆದು, ಕಷ್ಟವಾದುದನ್ನು ಬಿಟ್ಟ ಪ್ರಕ್ರಿಯೆ ಇದು.

ಇಲ್ಲಿ ಕೋಟ ಶಿವರಾಮ ಕಾರಂತರ ಪ್ರಯೋಗಗಳನ್ನು ನೆನೆಯುವುದು ಉಚಿತ. 'ಯಕ್ಷಗಾನ ಬಯಲಾಟ'ದಂಥ ಸಂಶೋಧನಾ ಗ್ರಂಥ ಬರೆದ ಅವರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಅವಧಿಯನ್ನು ಕಡಿತಗೊಳಿಸಿ, ವಯೊಲಿನ್ ಮತ್ತು ಸ್ಯಾಕ್ಸೋಫೋನ್‌ಗಳನ್ನು ಸೇರಿಸಿ, ಮಾತನ್ನು ಬಹುಮಟ್ಟಿಗೆ ಕೈಬಿಟ್ಟರು. ಭಾಷೆ ತಿಳಿಯದ ಪ್ರೇಕ್ಷಕರನ್ನು ತಲುಪುವ ಹಂಬಲ ಅದರ ಹಿಂದಿತ್ತು. ಇಬ್ಬರು ಕಾರಂತರ ದಾರಿ ಬೇರೆಯಾದರೂ ಯಕ್ಷಗಾನ ಕರಾವಳಿಯ ಗಡಿ ದಾಟುವಾಗ ಇಬ್ಬರಲ್ಲಿಯೂ ನಷ್ಟವಾದದ್ದು ಒಂದೇ: ಅರ್ಥಗಾರಿಕೆ. ಈ ನಷ್ಟದ ಲೆಕ್ಕವನ್ನು ನಮ್ಮ ವಿಮರ್ಶೆ ಇನ್ನೂ ಸರಿಯಾಗಿ ಇಟ್ಟಿಲ್ಲ.

5. ದುಡಿ ಮತ್ತು ಡೋಲು

ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ 'ಚೋಮನ ದುಡಿ' 1975ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಚೋಮನ ಪಾತ್ರ ವಹಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಧ್ವನಿಯ ದೃಷ್ಟಿಯಿಂದ ಈ ಚಿತ್ರ ಕಾರಂತರ ಅತ್ಯಂತ ಯಶಸ್ವಿ ಕೃತಿಯೆಂದು ನನ್ನ ಅಭಿಪ್ರಾಯ. ಬೇಸಾಯ ಮಾಡಬೇಕೆಂಬ ಚೋಮನ ಆಸೆಗೆ ಅವನ ಜಾತಿ ಅಡ್ಡಿಯಾಗುತ್ತದೆ. ಧಣಿಯ ಮುಂದೆ ಅವನಿಗೆ ಮಾತಿಲ್ಲ. ಮಾತು ಇಲ್ಲದವನ ಸಿಟ್ಟು, ದುಃಖ, ಅಪರೂಪದ ಸಂತೋಷ ಎಲ್ಲವೂ ರಾತ್ರಿಯ ಗುಡಿಸಲಿನಲ್ಲಿ ದುಡಿಯಾಗಿ ಹೊಮ್ಮುತ್ತವೆ. ಚಿತ್ರ ಆ ವಾದ್ಯವನ್ನು ಹಿನ್ನೆಲೆ ಸಂಗೀತವಾಗಿ ಬಳಸದೆ ಪಾತ್ರದ ಭಾಷೆಯಾಗಿ ಬಳಸಿದೆ. 'ಬರ್ನಂ ವನ'ದಲ್ಲಿ ಬಿಟ್ಟುಹೋದ ಅರ್ಥಗಾರಿಕೆ ಇಲ್ಲಿ ಚರ್ಮವಾದ್ಯದಲ್ಲಿ ಮರಳಿ ಬಂದಿದೆ ಎನ್ನಬಹುದು.

ಆದರೆ ಜಾನಪದ ಅಧ್ಯಯನ ಇಲ್ಲಿಗೆ ನಿಲ್ಲುವಂತಿಲ್ಲ. ಕರಾವಳಿಯಲ್ಲಿ ಚರ್ಮವಾದ್ಯದ ನಾದ ಸಾಮಾಜಿಕವಾಗಿ ನಿರ್ಲಿಪ್ತವಾದುದಲ್ಲ. ಚೋಮ ತನಗಾಗಿ ದುಡಿ ಬಾರಿಸಿದರೆ, ಕೊರಗ ಸಮುದಾಯದವರು ಉತ್ಸವ, ಕಂಬಳಗಳಲ್ಲಿ ಇತರರಿಗಾಗಿ ಡೋಲು ಬಾರಿಸಬೇಕಾಗಿತ್ತು. ಅದು ಅವರ ಆಯ್ಕೆಯಾಗಿರಲಿಲ್ಲ. ಹುಟ್ಟಿನಿಂದ ಬಂದ ಬಿಟ್ಟಿ ಚಾಕರಿಯಾಗಿತ್ತು. ಕೂಲಿ ಕೊಡದೆ ಅಥವಾ ಹೆಸರಿಗಷ್ಟೇ ಕೂಲಿ ಕೊಟ್ಟು ಕೊರಗರಿಂದ ಸೇವೆ ಪಡೆಯುವ, ಅವರನ್ನು ಹೀನವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ 2000ದ ಅಧಿನಿಯಮದ ಮೂಲಕ ನಿಷೇಧಿಸಿತು. ಆ ಬಳಿಕ ಸಮುದಾಯದೊಳಗೆ ಡೋಲನ್ನು ಕುರಿತು ಎರಡು ನಿಲುವುಗಳು ಕಾಣಿಸಿಕೊಂಡಿವೆ. ಅವಮಾನದ ಗುರುತಾದ ವಾದ್ಯವನ್ನು ತೊರೆಯಬೇಕೆಂಬುದು ಒಂದು. ಅದು ತಮ್ಮದೇ ಕಲೆ, ತಮ್ಮ ಇಚ್ಛೆಯಿಂದ ನುಡಿಸಬೇಕೆಂಬುದು ಮತ್ತೊಂದು. ಎರಡೂ ಗೌರವಾರ್ಹ ನಿಲುವುಗಳೇ.

ಈ ಹಿನ್ನೆಲೆಯಲ್ಲಿ ನೋಡಿದಾಗ, ಗದ್ದೆಯಲ್ಲಿ ಕೀಳೆನಿಸಿದ ನಾದ ನಗರದ ಸಭಾಂಗಣದಲ್ಲಿ ಕಲೆಯೆನಿಸುವ ವೈಪರೀತ್ಯ ಎದ್ದು ಕಾಣುತ್ತದೆ. ನಾದಕ್ಕೆ ಸಿಕ್ಕ ಗೌರವ ನುಡಿಸುವವನಿಗೆ ಸಿಗಲಿಲ್ಲ. ಇದು ಕಾರಂತರೊಬ್ಬರ ಮೇಲಿನ ಆರೋಪವಲ್ಲ. ಜಾನಪದವನ್ನು ಸಂಗ್ರಹಿಸಿ, ಪ್ರಕಟಿಸಿ, ಪದವಿ ಪಡೆದ ನನ್ನಂಥವರಿಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ. 'ಚೋಮನ ದುಡಿ'ಯ ವಿಶೇಷವೆಂದರೆ, ಆ ಪ್ರಶ್ನೆಯನ್ನು ಅದು ಮರೆಮಾಚುವುದಿಲ್ಲ. ಚಿತ್ರದಲ್ಲಿ ದುಡಿ ಎಲ್ಲಿಯೂ ಉತ್ಸವದ ಸೊಗಸಾಗುವುದಿಲ್ಲ. ಅದನ್ನು ಕೇಳುವುದು ನೋವಿನ ಅನುಭವವಾಗಿಯೇ ಉಳಿಯುತ್ತದೆ.

6. ಹೋಲಿಕೆಯ ನೆಲೆ

1970ರ ದಶಕದಿಂದೀಚೆಗೆ ಬೇರುಗಳ ಕಡೆಗೆ ಮರಳುವ ರಂಗಚಳುವಳಿಯಲ್ಲಿ ಹಬೀಬ್ ತನ್ವೀರ್, ಕಾವಾಲಂ ನಾರಾಯಣ ಪಣಿಕ್ಕರ್, ರತನ್ ಥಿಯಾಮ್ ಅವರೊಂದಿಗೆ ಕಾರಂತರ ಹೆಸರೂ ಸೇರುತ್ತದೆ. ಇವರಲ್ಲಿ ತನ್ವೀರರ ಹೋಲಿಕೆ ಹೆಚ್ಚು ಉಪಯುಕ್ತ. 1950ರ ದಶಕದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿಯೂ ಬ್ರಿಸ್ಟಲ್‌ನಲ್ಲಿಯೂ ಕಲಿತು ಬಂದ ತನ್ವೀರರು ಛತ್ತೀಸಗಢದ ನಾಚಾ ಕಲಾವಿದರನ್ನೇ ತಮ್ಮ ತಂಡದ ನಟರನ್ನಾಗಿ ಮಾಡಿಕೊಂಡರು. 'ಚರಣದಾಸ ಚೋರ್'ನ ಬಲ ಆ ಕಲಾವಿದರ ಮಾತು, ಹಾಸ್ಯ ಮತ್ತು ಆಶುಪ್ರತಿಭೆ. ಅಂದರೆ ತನ್ವೀರರು ಪ್ರಕಾರವನ್ನು ತರುವುದಕ್ಕೆ ಬದಲು ಕಲಾವಿದನನ್ನೇ ಕರೆತಂದರು. ದೆಹಲಿಯ 'ಬರ್ನಂ ವನ'ದಲ್ಲಿ ಪ್ರಕಾರ ಬಂತು, ಮೇಳದ ಕಲಾವಿದ ನಟನಾಗಿ ಬರಲಿಲ್ಲ. ಭೋಪಾಲಕ್ಕೆ ಹೋದ ಮೇಲೆ ಕಾರಂತರೂ ಬುಂದೇಲಿ, ಮಾಲ್ವಿ, ಛತ್ತೀಸಗಢಿ ಉಪಭಾಷೆಗಳಲ್ಲಿ ನಾಟಕ ಮಾಡಿಸಿದರು. ತಮ್ಮ ಹಿಂದಿನ ಮಿತಿಯನ್ನು ಅವರೇ ಕಂಡುಕೊಂಡ ಸೂಚನೆಯಾಗಿ ಇದನ್ನು ಓದಲು ಸಾಧ್ಯವಿದೆ.

ಇನ್ನೊಂದು ತುದಿಯಲ್ಲಿ ಬ್ರಿಟಿಷ್ ನಿರ್ದೇಶಕ ಪೀಟರ್ ಬ್ರೂಕ್ (1925-2022) ಅವರ 'ಮಹಾಭಾರತ' ಇದೆ. 1985ರಲ್ಲಿ ಫ್ರಾನ್ಸಿನ ಅವಿನ್ಯೋದಲ್ಲಿ ಪ್ರದರ್ಶನಗೊಂಡ ಆ ಪ್ರಯೋಗ ಭಾರತೀಯ ಕಥನವನ್ನು ಅದರ ಸಾಂಸ್ಕೃತಿಕ ಸಂದರ್ಭದಿಂದ ಬೇರ್ಪಡಿಸಿತೆಂದು ರುಸ್ತುಂ ಭರೂಚ ಮೊದಲಾದವರು ತೀವ್ರವಾಗಿ ಟೀಕಿಸಿದರು. ಆ ಟೀಕೆಯನ್ನು ನಾವು ಸುಲಭವಾಗಿ ಒಪ್ಪುತ್ತೇವೆ, ಏಕೆಂದರೆ ಎರವಲು ಪಡೆದವನು ಹೊರಗಿನವನು. ಆದರೆ ಅದೇ ಮಾನದಂಡವನ್ನು ಒಳಗಿನವರಿಗೂ ಅನ್ವಯಿಸುವ ಪ್ರಾಮಾಣಿಕತೆ ವಿಮರ್ಶೆಗೆ ಇರಬೇಕಾಗುತ್ತದೆ. ಉತ್ತರ ಕರ್ನಾಟಕದ ಜೋಕುಮಾರನ ಆಚರಣೆಯಿಂದ ಹುಟ್ಟಿದ ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಗೆ ಮಂಚಿಯ ಕಾರಂತರೂ ಒಂದು ಅರ್ಥದಲ್ಲಿ ಹೊರಗಿನವರೇ. ಅಲ್ಲಿ ಅವರನ್ನು ಕಾಪಾಡಿದ್ದು ಆ ಆಚರಣೆಯೊಳಗಿನಿಂದ ಬಂದ ನಾಟಕಕಾರನ ಭಾಷೆ. ಭೂಮಿ ಯಾರದ್ದು ಎಂಬ ಪ್ರಶ್ನೆಯನ್ನು ಫಲವಂತಿಕೆಯ ಆಚರಣೆಯೊಂದಿಗೆ ಬೆಸೆದ ಕಂಬಾರರ ಪಠ್ಯದಲ್ಲಿ ಮಾತು, ಹಾಡು, ಆಚರಣೆಗಳು ಒಂದೇ ನೆಲದವು. ಮೂರನ್ನೂ ಒಟ್ಟಿಗೆ ತೆಗೆದುಕೊಂಡಾಗ ಕಾರಂತರ ಪ್ರಯೋಗ ಗೆದ್ದಿದೆ. ಬಿಡಿಯಾಗಿ ತೆಗೆದುಕೊಂಡಾಗ ತೊಡಕಿಗೆ ಸಿಲುಕಿದೆ.

7. ಸಮಾರೋಪ

ಇಷ್ಟರ ಆಧಾರದಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಕರಾವಳಿಯ ಪ್ರದರ್ಶನ ಪರಂಪರೆಯಿಂದ ಕಾರಂತರು ಪಡೆದ ಅತಿ ಮುಖ್ಯ ಸಂಗತಿ ಹಿಮ್ಮೇಳದ ಪ್ರಾಧಾನ್ಯ. ಅದು ಅವರ ಯಕ್ಷಗಾನೇತರ ಕೃತಿಗಳಲ್ಲಿ ಹೆಚ್ಚು ಸಾರ್ಥಕವಾಗಿ ಬಳಕೆಯಾಗಿದೆ. ಯಕ್ಷಗಾನದ ಹೊರರೂಪವನ್ನು ನೇರವಾಗಿ ಬಳಸಿದಲ್ಲಿ ಅರ್ಥಗಾರಿಕೆಯ ಅಭಾವ ಪ್ರಯೋಗವನ್ನು ಸೀಮಿತಗೊಳಿಸಿದೆ. ನಾದದ ಎರವಲಿನೊಂದಿಗೆ ನುಡಿಸುವವನ ಸ್ಥಾನಮಾನದ ಪ್ರಶ್ನೆಯೂ ಬರುತ್ತದೆ. 'ಚೋಮನ ದುಡಿ' ಆ ಪ್ರಶ್ನೆಯನ್ನು ಎದುರಿಸಿದ ಕೃತಿ.

ಕಾರಂತರು ವೈದೇಹಿಯವರಿಗೆ ನಿರೂಪಿಸಿದ ಆತ್ಮಕಥನದ ಹೆಸರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ'. ಊರು ಬಿಟ್ಟವನ ಸ್ಥಿತಿಯನ್ನು ಈ ಹೆಸರು ಸೂಚಿಸುವಂತೆಯೇ, ಊರಿನಿಂದ ಎತ್ತಿಕೊಂಡು ಹೋದ ಕಲೆಯ ಸ್ಥಿತಿಗೂ ಅದು ಒಪ್ಪುತ್ತದೆ. ಈ ಋಣದ ಮರುಪಾವತಿಯ ಹೊಣೆ ಈಗ ಅವರದ್ದಲ್ಲ, ಸಂಸ್ಥೆಗಳದ್ದು. ಮಂಗಳೂರಿನ ಪುರಭವನದಲ್ಲಿ, ಡಾನ್ ಬಾಸ್ಕೊ ಸಭಾಂಗಣದಲ್ಲಿ ತುಳು, ಕನ್ನಡ ನಾಟಕಗಳು ನಡೆದುಕೊಂಡೇ ಬಂದಿವೆ. ಮೇಳಗಳು ತಿರುಗಾಟಕ್ಕೆ ಹೊರಡುತ್ತಿವೆ. ಆದರೂ ಆಧುನಿಕ ರಂಗಕರ್ಮಿಯೂ ಅರ್ಥಧಾರಿಯೂ ಪಾಡ್ದನಕಾರರೂ ಸಮಾನ ವೇತನ, ಸಮಾನ ಮನ್ನಣೆಗಳೊಂದಿಗೆ ದೀರ್ಘಕಾಲ ಒಟ್ಟಿಗೆ ದುಡಿಯುವ ವ್ಯವಸ್ಥೆ ಕರಾವಳಿಯಲ್ಲಿ ಬಹುಕಾಲ ರೂಪುಗೊಳ್ಳಲಿಲ್ಲ. ಕಾರ್ಕಳದಲ್ಲಿ ಸ್ಥಾಪನೆಗೊಂಡಿರುವ ಯಕ್ಷರಂಗಾಯಣ ಆ ದಿಕ್ಕಿನಲ್ಲಿ ಒಂದು ಅವಕಾಶ. ಅಲ್ಲಿ ಹೆಜ್ಜೆಯ ಜೊತೆಗೆ ಮಾತಿಗೂ, ನಾದದ ಜೊತೆಗೆ ನುಡಿಸುವವರಿಗೂ ಸ್ಥಾನ ದೊರೆತರೆ 'ಬರ್ನಂ ವನ' ಅರ್ಧಕ್ಕೆ ನಿಲ್ಲಿಸಿದ ಕೆಲಸ ಮುಂದುವರಿದೀತು. ಕಾರಂತರ ಕುರಿತ ಮುಂದಿನ ಸಂಶೋಧನೆಗಳು ಅವರ ಪ್ರಯೋಗಗಳಲ್ಲಿ ಪಾಲ್ಗೊಂಡ ಜನಪದ ಕಲಾವಿದರ ಹೇಳಿಕೆಗಳನ್ನು ದಾಖಲಿಸುವುದರಿಂದ ಆರಂಭವಾಗಬೇಕು. ಅವರಲ್ಲಿ ಹಲವರು ವಯೋವೃದ್ಧರು. ಈ ಕೆಲಸ ಇನ್ನು ತಡವಾಗುವಂತಿಲ್ಲ.